ಮೊದಲ ಅಬ್‌ಸ್ಟ್ರಾಕ್ಟ್: ಕೇಸ್ ಪೇಪರಿನಿಂದ ಕಾನ್ಫರೆನ್ಸ್ ತನಕ

"ಸರ್, ಇಂಗ್ಲಿಷ್ ಸ್ವಲ್ಪ ಸರಿ ಮಾಡಿ ಕೊಡ್ತೀರಾ?"

ರೆಸಿಡೆಂಟ್ ಡಾಕ್ಟರುಗಳು ಅಬ್‌ಸ್ಟ್ರಾಕ್ಟ್ (ಕಾನ್ಫರೆನ್ಸಿಗೆ ಕಳಿಸುವ, ತಮ್ಮ ಅಧ್ಯಯನದ ಸಾರಾಂಶ) ಹಿಡಿದು ನಮ್ಮ ಮನೆಗೆ ಬಂದಾಗ ಮೊದಲು ಕೇಳುವುದು ಇದನ್ನೇ. ಹುಬ್ಬಳ್ಳಿ, ಕಲಬುರಗಿ, ಪುತ್ತೂರು, ಸಿರಸಿ ಕಡೆಯಿಂದ ಮುಂಬೈಗೆ ಪಿ.ಜಿ. ಮಾಡಲು ಬಂದ ಮಕ್ಕಳು ಇವರು. ಮನೆ ಮಾಟುಂಗದಲ್ಲಿ ಇರುವುದರಿಂದ ಭಾನುವಾರ ಬಂದು ಹೋಗುವುದು ಅವರಿಗೆ ಸುಲಭ. ತಿಂಡಿ ತಿಂದು, ಲ್ಯಾಪ್‌ಟಾಪ್ ತೆಗೆದು ಕೂರುತ್ತೇವೆ. ಇಂಗ್ಲಿಷ್ ತಿದ್ದುವುದಕ್ಕೆ ಹತ್ತು ನಿಮಿಷ ಸಾಕಾಗುತ್ತದೆ. ಉಳಿದ ಎರಡು ಗಂಟೆ ಹಿಡಿಯುವುದು "ನೀನು ಏನು ನೋಡಿದೆ? ಎಷ್ಟು ಜನರಲ್ಲಿ ನೋಡಿದೆ? ಏನು ಸಿಕ್ಕಿತು?" ಎಂಬ ಮೂರು ಪ್ರಶ್ನೆಗೆ ಉತ್ತರ ಹೊರಡಿಸುವುದಕ್ಕೆ.

ಕೆಲವು ಕಾನ್ಫರೆನ್ಸ್‌ಗಳಿಗೆ ಅಬ್‌ಸ್ಟ್ರಾಕ್ಟ್ ಪರಿಶೀಲಿಸುವ ಕೆಲಸ ನಾನು ಮಾಡಿದ್ದೇನೆ. ಆ ಅನುಭವದಿಂದ ಹೇಳುತ್ತೇನೆ, ಇಂಗ್ಲಿಷ್ ಒರಟಾಗಿದೆ ಅಂತ ಒಂದು ಅಬ್‌ಸ್ಟ್ರಾಕ್ಟನ್ನು ಕೈಬಿಟ್ಟ ನೆನಪು ನನಗಿಲ್ಲ. ಏನು ಕಂಡಿತು ಅಂತ ಹೇಳದ ಅಬ್‌ಸ್ಟ್ರಾಕ್ಟುಗಳನ್ನು ಬೇಕಾದಷ್ಟು ಕೈಬಿಟ್ಟಿದ್ದೇನೆ. ಹಾಗಾಗಿ ಈ ಲೇಖನದಲ್ಲಿ ಭಾಷೆಯ ಮಾತು ಕಡಿಮೆ, ಕೆಲಸದ ಮಾತು ಜಾಸ್ತಿ.

ಕೊನೆ ದಿನದಿಂದ ಹಿಂದಕ್ಕೆ ಎಣಿಸಿ

ನಮ್ಮಲ್ಲಿ ದೊಡ್ಡ ಕಾನ್ಫರೆನ್ಸ್‌ಗಳು ಬಹಳಷ್ಟು ಚಳಿಗಾಲದಲ್ಲೇ ಬರುತ್ತವೆ. ಅಂದರೆ ಅಬ್‌ಸ್ಟ್ರಾಕ್ಟ್ ಕಳಿಸುವ ಕೊನೆ ದಿನ ಗಣಪತಿ ಹಬ್ಬದಿಂದ ದೀಪಾವಳಿಯ ನಡುವೆ ಎಲ್ಲೋ ಬೀಳುತ್ತದೆ. ಮುಂಬೈನ ಮೆಡಿಸಿನ್ ವಾರ್ಡಿನಲ್ಲಿ ಆ ಸಮಯ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಡೆಂಗಿ, ಮಲೇರಿಯಾ, ಲೆಪ್ಟೊ (ಇಲಿ ಜ್ವರ) ರೋಗಿಗಳು ನೆಲದ ಮೇಲೂ ಹಾಸಿಗೆ ಹಾಕಿಕೊಂಡು ಮಲಗಿರುತ್ತಾರೆ. ಎಮರ್ಜೆನ್ಸಿ ಡ್ಯೂಟಿ ಮುಗಿಸಿ ರೂಮಿಗೆ ಬಂದ ರಾತ್ರಿ ಅಬ್‌ಸ್ಟ್ರಾಕ್ಟ್ ಬರೆಯಲು ಆಗುವುದಿಲ್ಲ.

ಕೊನೆ ದಿನಕ್ಕೆ ಆರು ವಾರ ಮೊದಲು ಡೇಟಾ ಸಂಗ್ರಹ ನಿಲ್ಲಿಸಿ. ನಾಲ್ಕು ವಾರ ಮೊದಲು ಲೆಕ್ಕ ಮುಗಿಯಬೇಕು. ಮೂರು ವಾರ ಮೊದಲು ಮೊದಲ ಕರಡು ನಿಮ್ಮ ಕೆಲಸಕ್ಕೆ ಮಾರ್ಗದರ್ಶನ ಮಾಡುವ ಗೈಡ್ ಕೈಗೆ ಹೋಗಬೇಕು. ಗೈಡ್‌ಗಳು ಕೂಡಲೇ ಓದುವುದಿಲ್ಲ, ಅವರಿಗೂ ಓಪಿಡಿ ಇರುತ್ತದೆ, ಪರೀಕ್ಷೆ ಕೆಲಸ ಇರುತ್ತದೆ. ವಾರಕ್ಕೊಮ್ಮೆ ನೆನಪಿಸಿ, ಬೇಸರ ಮಾಡಿಕೊಳ್ಳುವುದಿಲ್ಲ. ಕೊನೆಯ ವಾರವನ್ನು ಪೋರ್ಟಲ್‌ಗೆ, ಅಂದರೆ ಕಾನ್ಫರೆನ್ಸಿನ ವೆಬ್‌ಸೈಟಿಗೆ ಹಾಕುವ ಕೆಲಸಕ್ಕೆ ಮಾತ್ರ ಇಟ್ಟುಕೊಳ್ಳಿ.

"ಕೊನೆ ದಿನ ಮುಂದೂಡ್ತಾರೆ ಬಿಡಿ ಸರ್" ಅಂತ ಹೇಳುವವರಿದ್ದಾರೆ. ಮುಂದೂಡುವುದು ಉಂಟು. ಅದನ್ನು ನಂಬಿ ಕೂತು ವರ್ಷ ಕಳೆದುಕೊಂಡವರನ್ನೂ ನೋಡಿದ್ದೇನೆ. ಎಂ.ಡಿ., ಎಂ.ಎಸ್. ಮಾಡುವವರಿಗೆ ಅಂತಿಮ ಪರೀಕ್ಷೆಯ ಅರ್ಹತೆಗೂ ಕಾನ್ಫರೆನ್ಸಿನಲ್ಲಿ ತೂಗುಹಾಕುವ ಪೋಸ್ಟರ್, ಸಭೆಯಲ್ಲಿ ಓದುವ ಪೇಪರಿಗೂ ಸಂಬಂಧ ಇರುತ್ತದೆ. ನಿಮ್ಮ ಬ್ಯಾಚಿಗೆ ಯಾವ ನಿಯಮ ಅನ್ನುವುದನ್ನು ಮೊದಲ ವರ್ಷವೇ ಕಾಲೇಜಿನ ಪಿ.ಜಿ. ಸೆಕ್ಷನ್‌ನಲ್ಲಿ ಕೇಳಿ ಬರೆದಿಟ್ಟುಕೊಳ್ಳಿ.

ವಿದೇಶಿ ಕಾನ್ಫರೆನ್ಸ್ ಆದರೆ ಗಡಿಯಾರ ನೋಡಿ. ಅಮೆರಿಕದ ಪೂರ್ವ ಕರಾವಳಿಯ ರಾತ್ರಿ 11:59 ಅಂದರೆ, ಅಲ್ಲಿ ಬೇಸಿಗೆ ಸಮಯ ಇದ್ದಾಗ ನಮಗೆ ಮರುದಿನ ಬೆಳಿಗ್ಗೆ 9:29. ಚಳಿಗಾಲದಲ್ಲಿ 10:29. ಯುರೋಪಿನ ಕಾನ್ಫರೆನ್ಸ್‌ಗಳಲ್ಲಿ ನಮಗೆ ನಸುಕಿನಲ್ಲೇ ಬಾಗಿಲು ಮುಚ್ಚಿರುತ್ತದೆ.

ಎಥಿಕ್ಸ್ ಕಮಿಟಿಯ ಪತ್ರ ಇಲ್ಲದೆ ಮುಂದೆ ಹೋಗಬೇಡಿ

ರೋಗಿಗಳ ಮೇಲೆ ನಡೆಸುವ ಅಧ್ಯಯನಕ್ಕೆ ಅನುಮತಿ ಕೊಡುವುದು ಈ ಕಮಿಟಿ. ಥೀಸಿಸ್ ವಿಷಯವೇ ಆದರೆ ಅನುಮತಿ ಪತ್ರ ನಿಮ್ಮ ಹತ್ತಿರ ಇರುತ್ತದೆ. ತೊಂದರೆ ಬರುವುದು ಬೇರೆ ಕಡೆ. "ಹಳೇ ಕೇಸ್ ಪೇಪರ್ ನೋಡಿ ಲೆಕ್ಕ ಹಾಕಿದ್ದು ಅಷ್ಟೇ ಸರ್, ಅದಕ್ಕೂ ಎಥಿಕ್ಸ್ ಬೇಕಾ?" ಅಂತ ಕೇಳುತ್ತಾರೆ. ಬೇಕು. ರೋಗಿಯ ಒಪ್ಪಿಗೆಯಿಂದ ವಿನಾಯಿತಿ ಸಿಗಬಹುದು, ಪೂರ್ತಿ ಪರಿಶೀಲನೆಯಿಂದಲೂ ವಿನಾಯಿತಿ ಸಿಗಬಹುದು. ಆದರೆ ವಿನಾಯಿತಿ ಕೊಡುವವರು ಕಮಿಟಿಯವರು, ನಾವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ 2017ರ ಮಾರ್ಗಸೂಚಿ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಕೆಲಸ ಮುಗಿದ ಮೇಲೆ ಹಿಂದಿನ ತಾರೀಖಿನ ಅನುಮತಿ ಕೊಡಿ ಅಂತ ಕೇಳುವಂತಿಲ್ಲ.

ಔಷಧಿ ಕೊಟ್ಟು, ಎರಡು ಗುಂಪು ಮಾಡಿ ಹೋಲಿಸುವ ಟ್ರಯಲ್ ಆದರೆ ಇನ್ನೊಂದು ಮೆಟ್ಟಿಲು ಇದೆ. ಸಿಟಿಆರ್‌ಐ, ಅಂದರೆ ನಮ್ಮ ದೇಶದ ಕ್ಲಿನಿಕಲ್ ಟ್ರಯಲ್ ನೋಂದಣಿ ವ್ಯವಸ್ಥೆ, 2007ರ ಜುಲೈನಲ್ಲಿ ಶುರುವಾಯಿತು. 2018ರ ಏಪ್ರಿಲ್ 1ರಿಂದ ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮೊದಲೇ ನೋಂದಣಿ ಆಗಿರಬೇಕು. ಆ ನಂಬರ್ ಅಬ್‌ಸ್ಟ್ರಾಕ್ಟ್‌ನಲ್ಲಿ ಬರೆಯಬೇಕು. ಪೋರ್ಟಲ್‌ನಲ್ಲಿ ಅದಕ್ಕೆಂದೇ ಒಂದು ಖಾನೆ ಇರುವುದು ಸಾಮಾನ್ಯ.

ಒಪ್ಪಿಗೆ ಪತ್ರದ ಬಗ್ಗೆ ಒಂದು ಮಾತು, ಇದು ನನ್ನ ಮನಸ್ಸಿಗೆ ಹತ್ತಿರದ ವಿಷಯ. ಮುಂಬೈ ಆಸ್ಪತ್ರೆಗಳಲ್ಲಿ ಮರಾಠಿ, ಹಿಂದಿ ಫಾರಂ ಇರುತ್ತದೆ. ಕನ್ನಡ ಫಾರಂ ಇರುವುದು ಅಪರೂಪ. ಆದರೆ ಕಟ್ಟಡ ಕೆಲಸಕ್ಕೆ ಅಂತ ಕಲಬುರಗಿ, ಯಾದಗಿರಿ, ವಿಜಯಪುರದಿಂದ ಬಂದವರು ನಮ್ಮ ವಾರ್ಡುಗಳಲ್ಲಿ ಇದ್ದಾರೆ. ಗೋವಾದ ಬಾಂಬೋಳಿಯಲ್ಲಿರುವ ಮೆಡಿಕಲ್ ಕಾಲೇಜಿಗೆ ಕಾರವಾರದ ಕಡೆಯಿಂದಲೂ ರೋಗಿಗಳು ಹೋಗುತ್ತಾರೆ. ಅರ್ಥವಾಗುವ ಭಾಷೆಯಲ್ಲಿ ತಿಳಿಸಿ ಒಪ್ಪಿಗೆ ಪಡೆಯಬೇಕು ಅನ್ನುವುದು ನಿಯಮ. ಕನ್ನಡ ಬಲ್ಲ ರೆಸಿಡೆಂಟ್ ನೀವಾಗಿದ್ದರೆ, ಆ ಅನುವಾದ ನೀವೇ ಮಾಡಿ ಕಮಿಟಿಗೆ ಕೊಡಿ. ಅನುವಾದವನ್ನು ಇನ್ನೊಬ್ಬರಿಂದ ಮತ್ತೆ ಇಂಗ್ಲಿಷಿಗೆ ತಿರುಗಿಸಿ, ಅರ್ಥ ಬದಲಾಗಿಲ್ಲ ಅಂತ ತೋರಿಸಬೇಕಾಗಬಹುದು. "ಯಾದೃಚ್ಛಿಕ" ಅಂತ ಬರೆಯಬೇಡಿ, "ಚೀಟಿ ಎತ್ತಿದ ಹಾಗೆ" ಅಂತ ಬರೆಯಿರಿ. ಸೇಡಂನಿಂದ ಬಂದ ಗೌಂಡಿಗೆ ಅದು ತಕ್ಷಣ ತಿಳಿಯುತ್ತದೆ. ಓದಲು ಬಾರದವರಾದರೆ ಹೆಬ್ಬೆಟ್ಟಿನ ಜೊತೆ, ಸಂಶೋಧನೆಗೆ ಸಂಬಂಧವಿಲ್ಲದ ಒಬ್ಬ ಸಾಕ್ಷಿಯ ಸಹಿ ಬೇಕು.

ಮಾಸ್ಟರ್ ಚಾರ್ಟ್‌ಗೆ ಬೀಗ ಹಾಕಿ

ನಾನು ಪಿ.ಜಿ. ಆಗಿದ್ದಾಗ ಕಳಿಸಿದ ಮೊದಲ ಅಬ್‌ಸ್ಟ್ರಾಕ್ಟ್‌ನಲ್ಲಿ 64 ರೋಗಿಗಳು ಅಂತ ಬರೆದಿದ್ದೆ. ಅದು ಆಯ್ಕೆಯಾಯಿತು, ಪುಸ್ತಕದಲ್ಲಿ ಅಚ್ಚೂ ಆಯಿತು. ಪೇಪರ್ ಓದುವ ಹಿಂದಿನ ವಾರ ರೆಕಾರ್ಡ್ ರೂಮಿನಲ್ಲಿ ಕೂತು ಮತ್ತೆ ಒಂದೊಂದೇ ಕೇಸ್ ಪೇಪರ್ ನೋಡಿದಾಗ ಎದೆ ಧಸಕ್ಕೆಂದಿತು. ಮೂವರು ರೋಗಿಗಳು ಡಿಸ್ಚಾರ್ಜ್ ಆಗಿ ಮತ್ತೆ ಅಡ್ಮಿಟ್ ಆಗಿದ್ದರು. ಹೊಸ ಐಪಿಡಿ (ಒಳರೋಗಿ) ನಂಬರ್ ಬಂದಿದ್ದರಿಂದ ನನ್ನ ಮಾಸ್ಟರ್ ಚಾರ್ಟಿನಲ್ಲಿ, ಅಂದರೆ ಎಲ್ಲ ರೋಗಿಗಳ ವಿವರ ತುಂಬಿದ ಪಟ್ಟಿಯಲ್ಲಿ, ಎರಡೆರಡು ಸಲ ಸೇರಿಹೋಗಿದ್ದರು. ನಿಜವಾಗಿ ಇದ್ದದ್ದು 61 ಜನ. ಸಭೆಯಲ್ಲಿ ಮೊದಲ ಸ್ಲೈಡಿನಲ್ಲೇ ಆ ತಪ್ಪು ಒಪ್ಪಿಕೊಂಡು ಸರಿಯಾದ ಲೆಕ್ಕ ಹೇಳಿದೆ. ಅಚ್ಚಾದದ್ದು ಮಾತ್ರ ಹಾಗೇ ಉಳಿಯಿತು. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಆದ್ದರಿಂದ ಹೀಗೆ ಮಾಡಿ. ಪ್ರತಿ ರೋಗಿಗೆ ನಿಮ್ಮದೇ ಒಂದು ಸ್ಟಡಿ ನಂಬರ್ ಕೊಡಿ. ಹೆಸರು, ವಯಸ್ಸು, ಊರು ಮೂರನ್ನೂ ಹೋಲಿಸಿ ಒಬ್ಬರೇ ಎರಡು ಸಲ ಬಂದಿದ್ದಾರಾ ನೋಡಿ. ಆಮೇಲೆ ಹೆಸರಿರುವ ಪಟ್ಟಿಯನ್ನು ಬೇರೆ ಫೈಲಿನಲ್ಲಿ ಪಾಸ್‌ವರ್ಡ್ ಹಾಕಿ ಇಡಿ. ಲೆಕ್ಕಕ್ಕೆ ಕೊಡುವ ಫೈಲಿನಲ್ಲಿ ಹೆಸರು, ಫೋನ್ ನಂಬರ್ ಇರಬಾರದು. ವಾಟ್ಸಾಪ್ ಗ್ರೂಪಿನಲ್ಲಿ ಮಾಸ್ಟರ್ ಚಾರ್ಟ್ ಓಡಾಡಬಾರದು. ಹತ್ತರಲ್ಲಿ ಒಂದು ಕೇಸ್ ಪೇಪರನ್ನು ಸ್ನೇಹಿತರ ಕೈಯಲ್ಲಿ ಕೊಟ್ಟು ಚಾರ್ಟಿನ ಜೊತೆ ತಾಳೆ ನೋಡಿಸಿ. ಎಲ್ಲ ಸರಿಯಾದ ದಿನ ಆ ಫೈಲಿಗೆ ತಾರೀಖು ಹಾಕಿ, ಒಂದು ಪ್ರತಿ ಗೈಡ್‌ಗೆ ಮೇಲ್ ಮಾಡಿ. ಅಬ್‌ಸ್ಟ್ರಾಕ್ಟ್‌ನ ಪ್ರತಿ ಅಂಕಿಯೂ ಆ ಫೈಲಿನಿಂದಲೇ ಬರಬೇಕು. "ಇನ್ನೂ ಹತ್ತು ರೋಗಿ ಸಿಕ್ಕರು, ಸೇರಿಸಿಬಿಡೋಣ" ಅನ್ನುವ ಆಸೆ ಬೇಡ.

ಮೊದಲು ಕನ್ನಡದಲ್ಲಿ ಹೇಳಿ

ಭಾನುವಾರ ಬಂದವರಿಗೆ ನಾನು ಮಾಡಿಸುವ ಮೊದಲ ಕೆಲಸ ಇದು. ಲ್ಯಾಪ್‌ಟಾಪ್ ಮುಚ್ಚಿಸುತ್ತೇನೆ. "ಊರಿಗೆ ಫೋನ್ ಮಾಡಿದಾಗ ಅಮ್ಮ ಕೇಳಿದರು ಅಂತ ಇಟ್ಟುಕೋ. ಏನು ಮಾಡ್ತಿದ್ದೀಯಪ್ಪಾ ಎರಡು ವರ್ಷದಿಂದ? ಅಮ್ಮನಿಗೆ ನಾಲ್ಕು ವಾಕ್ಯದಲ್ಲಿ ಹೇಳು." ತಡವರಿಸುತ್ತಾರೆ. ಆಮೇಲೆ ಚೆನ್ನಾಗಿ ಹೇಳುತ್ತಾರೆ.

ಒಬ್ಬಳು ಹೇಳಿದ್ದು ಹೆಚ್ಚುಕಡಿಮೆ ಹೀಗಿತ್ತು: "ಮಳೆಗಾಲದಲ್ಲಿ ಇಲಿ ಜ್ವರ ಬರುತ್ತಲ್ಲಮ್ಮಾ, ಕೆಲವರಿಗೆ ಕಿಡ್ನಿಗೆ ಏಟು ಬೀಳುತ್ತೆ. ಜ್ವರ ಬಂದ ಎಷ್ಟನೇ ದಿನ ಆಸ್ಪತ್ರೆಗೆ ಬಂದರು ಅಂತ ಬರೆದಿಟ್ಟೆ. ತಡ ಮಾಡಿ ಬಂದವರಲ್ಲೇ ಕಿಡ್ನಿ ತೊಂದರೆ ಜಾಸ್ತಿ ಕಾಣಿಸಿತು." ಇಷ್ಟೇ. ಹಿನ್ನೆಲೆ, ವಿಧಾನ, ಫಲಿತಾಂಶ ಎಲ್ಲ ಬಂತು ಅಲ್ವಾ? ಇದನ್ನೇ ಇಂಗ್ಲಿಷಿಗೆ ತಂದರೆ ವಾಕ್ಯ ಸಣ್ಣದಾಗಿ, ನೇರವಾಗಿ ಇರುತ್ತದೆ. ಇಂಗ್ಲಿಷಿನಲ್ಲೇ ಶುರು ಮಾಡಿದವರು ಎಲ್ಲೋ ಓದಿದ ಉದ್ದ ವಾಕ್ಯಗಳನ್ನು ನೆನಪಿನಿಂದ ತಂದು ಜೋಡಿಸುತ್ತಾರೆ. ಕಾಪಿ ಹಿಡಿಯುವ ಸಾಫ್ಟ್‌ವೇರ್‌ನಲ್ಲಿ ಅದು ಸಿಕ್ಕಿಬೀಳುವುದೂ ಉಂಟು.

ನಾಲ್ಕು ಭಾಗ, ನಾಲ್ಕು ತೂಕ

ಹಿನ್ನೆಲೆ, ವಿಧಾನ, ಫಲಿತಾಂಶ, ನಿರ್ಣಯ ಅಂತ ಭಾಗ ಮಾಡಿ ಬರೆಯುವ ಕ್ರಮ ಬಹಳ ಹಳೆಯದೇನಲ್ಲ. ಬ್ರಯನ್ ಹೇನ್ಸ್ ಮತ್ತು ಅವರ ಜೊತೆಗಾರರು 1987ರಲ್ಲಿ ಆನಲ್ಸ್ ಆಫ್ ಇಂಟರ್ನಲ್ ಮೆಡಿಸಿನ್ ಪತ್ರಿಕೆಯಲ್ಲಿ ಇಂಥ ಸಾರಾಂಶ ಬೇಕು ಅಂತ ಪ್ರಸ್ತಾಪ ಇಟ್ಟರು. ಓದುವ ಡಾಕ್ಟರಿಗೆ ಬೇಗ ಬೇಕಾದದ್ದು ಸಿಗಲಿ ಅನ್ನುವುದೇ ಉದ್ದೇಶ. ಸಾಮಾನ್ಯವಾಗಿ 250ರಿಂದ 300 ಪದ ಸಿಗುತ್ತದೆ. ಕೆಲವರು ಪದದ ಬದಲು ಅಕ್ಷರ ಎಣಿಸುತ್ತಾರೆ, ನಡುವಿನ ಜಾಗವನ್ನೂ ಸೇರಿಸಿ. ನಿಯಮ ಓದಿಯೇ ಬರೆಯಲು ಕೂರಿ.

ಹಿನ್ನೆಲೆಗೆ ಎರಡು ವಾಕ್ಯ ಸಾಕು. "ಲೆಪ್ಟೊಸ್ಪೈರೋಸಿಸ್ ಎಂಬುದು ಪ್ರಾಣಿಗಳಿಂದ ಹರಡುವ ರೋಗ" ಅಂತ ಶುರು ಮಾಡಬೇಡಿ. ಪರಿಶೀಲಿಸುವವರಿಗೆ ಅದು ಗೊತ್ತು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು, ನೀರು ಇಳಿದ ಮೇಲೆ ಇಲಿ ಜ್ವರದ ರೋಗಿಗಳಿಂದ ವಾರ್ಡು ತುಂಬಿದ್ದನ್ನು ಕಂಡ ಊರು ಇದು. ಯಾವುದು ಇನ್ನೂ ಗೊತ್ತಿಲ್ಲ ಅಂತ ಒಂದು ವಾಕ್ಯ, ಅದಕ್ಕೆ ನಾವು ಏನು ಕೇಳಿದೆವು ಅಂತ ಇನ್ನೊಂದು ವಾಕ್ಯ.

ವಿಧಾನದಲ್ಲಿ ಇನ್ನೊಬ್ಬರು ನಿಮ್ಮ ಜಾಗದಲ್ಲಿ ನಿಂತು ಅದೇ ಕೆಲಸ ಮಾಡುವಷ್ಟು ವಿವರ ಇರಲಿ. ಯಾವ ತಿಂಗಳಿನಿಂದ ಯಾವ ತಿಂಗಳಿನ ತನಕ? ಮುಂದೆ ಬಂದ ರೋಗಿಗಳನ್ನು ಹಿಂಬಾಲಿಸಿದಿರಾ, ಹಳೇ ದಾಖಲೆ ನೋಡಿದಿರಾ? ಸತತವಾಗಿ ಬಂದ ಎಲ್ಲರನ್ನೂ ಸೇರಿಸಿದಿರಾ, ಸಿಕ್ಕವರನ್ನಾ? ರೋಗ ಖಚಿತ ಅಂತ ಹೇಳಿದ್ದು ಯಾವ ಪರೀಕ್ಷೆಯಿಂದ? ಇಲಿ ಜ್ವರ ಪತ್ತೆಗೆ ಮಾಡುವ ಐಜಿಎಂ ಎಲೈಸಾ, ಪಿಸಿಆರ್, ಮ್ಯಾಟ್ ಪರೀಕ್ಷೆಗಳು ಮೂರೂ ಒಂದೇ ಅಲ್ಲ. "ಕಿಡ್ನಿ ತೊಂದರೆ" ಅಂದರೆ ಏನು? ಕಿಡ್ನಿ ರೋಗದ ಅಂತರರಾಷ್ಟ್ರೀಯ ಮಾರ್ಗಸೂಚಿಯಾದ ಕೆಡಿಗೋ 2012ರ ಅಳತೆ ಬಳಸಿದ್ದರೆ ಹಾಗೇ ಬರೆಯಿರಿ: ರಕ್ತದ ಕ್ರಿಯಾಟಿನಿನ್ 48 ಗಂಟೆಯಲ್ಲಿ ಡೆಸಿಲೀಟರಿಗೆ 0.3 ಮಿಲಿಗ್ರಾಂ ಏರಿದ್ದು, ಅಥವಾ ಏಳು ದಿನದಲ್ಲಿ ಒಂದೂವರೆ ಪಟ್ಟು ಆದದ್ದು. ಎಸ್‌ಪಿಎಸ್‌ಎಸ್‌ನ (ಲೆಕ್ಕ ಹಾಕುವ ಸಾಫ್ಟ್‌ವೇರ್) ಯಾವ ವರ್ಷನ್ ಅನ್ನುವುದಕ್ಕೆ ಅರ್ಧ ಸಾಲು ಖರ್ಚು ಮಾಡುವವರು ಈ ಮುಖ್ಯ ವಿವರ ಬಿಟ್ಟಿರುತ್ತಾರೆ.

ಅಧ್ಯಯನದ ಬಗೆಗೆ ತಕ್ಕ ಪಟ್ಟಿಗಳು ಸಿದ್ಧ ಇವೆ. ಟ್ರಯಲ್‌ಗಳ ಅಬ್‌ಸ್ಟ್ರಾಕ್ಟ್‌ಗೇ ಅಂತ 2008ರಲ್ಲಿ ಬಂದ ಕಾನ್ಸಾರ್ಟ್ ಪಟ್ಟಿ, ರೋಗಿಗಳನ್ನು ಗಮನಿಸಿ ಬರೆಯುವ ಅಧ್ಯಯನಗಳಿಗೆ ಸ್ಟ್ರೋಬ್, ಕೇಸ್ ರಿಪೋರ್ಟ್‌ಗೆ ಕೇರ್. ಎಲ್ಲವೂ ಉಚಿತ. ಬರೆಯುವ ಮೊದಲು ಒಮ್ಮೆ ಪ್ರಿಂಟ್ ತೆಗೆದು ಪಕ್ಕದಲ್ಲಿ ಇಟ್ಟುಕೊಳ್ಳಿ.

ಫಲಿತಾಂಶ: ಅರ್ಧ ಜಾಗ ಇದಕ್ಕೇ

ನನಗೆ ಬಹಳ ದುಃಖ ಕೊಡುವ ವಾಕ್ಯ ಒಂದಿದೆ. "ಫಲಿತಾಂಶಗಳನ್ನು ಕಾನ್ಫರೆನ್ಸ್‌ನಲ್ಲಿ ಚರ್ಚಿಸಲಾಗುವುದು." ಇದನ್ನು ಬರೆದವರು ಎರಡು ವರ್ಷ ರಾತ್ರಿ ಹಗಲು ದುಡಿದಿರುತ್ತಾರೆ. ಆ ಒಂದು ಸಾಲಿನಿಂದ ಅದೆಲ್ಲ ಕಾಣದೇ ಹೋಗುತ್ತದೆ. ಲೆಕ್ಕ ಮುಗಿದಿಲ್ಲ ಅಂದರೆ ಈ ವರ್ಷ ಕಳಿಸಬೇಡಿ, ಮುಂದಿನ ವರ್ಷ ಕಳಿಸಿ.

ಆ ಹುಡುಗಿಯ ಇಲಿ ಜ್ವರದ ವಿಷಯವನ್ನೇ ತೆಗೆದುಕೊಳ್ಳೋಣ. ಕೆಳಗಿನ ಅಂಕಿಗಳು ಅವಳವಲ್ಲ, ಕಲಿಯುವುದಕ್ಕೆ ಅಂತ ನಾನು ಸುಮ್ನೆ ಹಾಕಿದ್ದು. ಮೊದಲ ಕರಡು ಹೀಗಿರುತ್ತದೆ ಅಂತಿಟ್ಟುಕೊಳ್ಳಿ:

"ಬಹುತೇಕ ರೋಗಿಗಳು ಗಂಡಸರು. ಹಲವರಲ್ಲಿ ಕಿಡ್ನಿ ತೊಂದರೆ ಕಂಡುಬಂತು. ತಡವಾಗಿ ದಾಖಲಾಗುವುದಕ್ಕೂ ಕಿಡ್ನಿ ತೊಂದರೆಗೂ ಗಮನಾರ್ಹ ಸಂಬಂಧ ಇತ್ತು, ಪಿ ವ್ಯಾಲ್ಯೂ 0.05ಕ್ಕಿಂತ ಕಡಿಮೆ."

ಪಿ ವ್ಯಾಲ್ಯೂ ಅಂದರೆ, ನಿಜವಾಗಿ ಸಂಬಂಧ ಇಲ್ಲದಿದ್ದರೂ ಇಷ್ಟು ವ್ಯತ್ಯಾಸ ಬರೀ ಆಕಸ್ಮಿಕವಾಗಿ ಕಾಣುವ ಸಾಧ್ಯತೆ. ಈ ಕರಡನ್ನು ಹೀಗೆ ಬದಲಿಸಿ:

"ಖಚಿತಪಟ್ಟ 120 ರೋಗಿಗಳಲ್ಲಿ 48 ಜನರಿಗೆ, ಅಂದರೆ ಶೇ. 40 ಮಂದಿಗೆ, ಕಿಡ್ನಿ ತೊಂದರೆ ಆಯಿತು, ಶೇ. 95 ವಿಶ್ವಾಸಾಂತರ 31ರಿಂದ 49. ಜ್ವರ ಬಂದ ಮೂರು ದಿನದೊಳಗೆ ಬಂದ 50 ಜನರಲ್ಲಿ 12 ಮಂದಿಗೆ, ಶೇ. 24, ಆಮೇಲೆ ಬಂದ 70 ಜನರಲ್ಲಿ 36 ಮಂದಿಗೆ, ಶೇ. 51. ವ್ಯತ್ಯಾಸ ಶೇಕಡಾ 27 ಅಂಶ. ವಿಶ್ವಾಸಾಂತರ 11ರಿಂದ 44."

ವಿಶ್ವಾಸಾಂತರ ಅಂದರೆ ನಿಜವಾದ ಅಂಕಿ ಇರಬಹುದಾದ ವ್ಯಾಪ್ತಿ. ಪದಗಳು ಸ್ವಲ್ಪ ಜಾಸ್ತಿ ಆದವು. ಆದರೆ ಓದುವವರು ಈಗ ತಾವೇ ಲೆಕ್ಕ ಹಾಕಿ ನೋಡಬಹುದು. 12ಕ್ಕೆ 36 ಕೂಡಿಸಿದರೆ 48, 50ಕ್ಕೆ 70 ಕೂಡಿಸಿದರೆ 120. ಪರಿಶೀಲಿಸುವವರು ಮೊದಲು ಮಾಡುವುದೇ ಈ ಕೂಡಿಸುವ ಕೆಲಸ. ನಾನಂತೂ ಪೆನ್ಸಿಲ್ ಹಿಡಿದೇ ಕೂರುತ್ತೇನೆ. ಕೂಡದಿದ್ದರೆ ಉಳಿದದ್ದರ ಮೇಲೆ ನಂಬಿಕೆ ಹೋಗುತ್ತದೆ. ನಡುವೆ ಯಾರಾದರೂ ಆಸ್ಪತ್ರೆ ಬಿಟ್ಟು ಹೋಗಿದ್ದರೆ, ಕೆಲವರ ಕ್ರಿಯಾಟಿನಿನ್ ಸಿಕ್ಕಿಲ್ಲದಿದ್ದರೆ, ಅದನ್ನು ಬಾಯಿಬಿಟ್ಟು ಹೇಳಿ.

ಇನ್ನು ಕೆಲವು ಸಣ್ಣ ವಿಷಯ. 15 ಜನರಲ್ಲಿ 7 ಅಂದರೆ ಶೇ. 46.67 ಅಂತ ಬರೆಯಬೇಡಿ, ಅಷ್ಟು ಚಿಕ್ಕ ಸಂಖ್ಯೆಗೆ ದಶಾಂಶ ಬೇಡ. "15ರಲ್ಲಿ 7" ಅಂದರೆ ಸಾಕು. ಕಂಪ್ಯೂಟರ್ 0.000 ಅಂತ ತೋರಿಸಿದರೂ ಪಿ ವ್ಯಾಲ್ಯೂ ಸೊನ್ನೆ ಆಗುವುದಿಲ್ಲ, 0.001ಕ್ಕಿಂತ ಕಡಿಮೆ ಅಂತ ಬರೆಯಿರಿ. ಉಳಿದ ಕಡೆ 0.03 ಇದ್ದರೆ 0.03 ಅಂತಲೇ ಬರೆಯಿರಿ. ಆಸ್ಪತ್ರೆಯಲ್ಲಿ ಉಳಿದ ದಿನಗಳಿಗೆ ಸರಾಸರಿಗಿಂತ ಮೀಡಿಯನ್, ಅಂದರೆ ಸಾಲಾಗಿ ಜೋಡಿಸಿದಾಗ ನಡುವೆ ಬರುವ ಅಂಕಿ, ಒಳ್ಳೆಯದು. ಐಸಿಯುನಲ್ಲಿ ನಲವತ್ತು ದಿನ ಇದ್ದ ಒಬ್ಬರೇ ಸರಾಸರಿಯನ್ನು ಎಳೆದುಬಿಡುತ್ತಾರೆ. ಇಪ್ಪತ್ತು ಪರೀಕ್ಷೆ ಮಾಡಿ, ಪಿ ವ್ಯಾಲ್ಯೂ ಚೆನ್ನಾಗಿ ಬಂದ ಒಂದನ್ನು ಮಾತ್ರ ಬರೆಯುವುದು ತಪ್ಪು. ಮೊದಲು ಕೇಳಿದ ಪ್ರಶ್ನೆಗೆ ಉತ್ತರ "ವ್ಯತ್ಯಾಸ ಕಾಣಲಿಲ್ಲ" ಅಂತಾದರೆ ಅದನ್ನೇ ಬರೆಯಿರಿ. ಅಂಥ ಅಬ್‌ಸ್ಟ್ರಾಕ್ಟ್ ನೋಡಿದರೆ ನನಗೆ ಗೌರವ ಜಾಸ್ತಿಯಾಗುತ್ತದೆ.

ನಿರ್ಣಯದಲ್ಲಿ ಕಂಡದ್ದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಬೇಡಿ. "ತಡವಾಗಿ ಬಂದದ್ದರಿಂದ ಕಿಡ್ನಿ ಕೆಟ್ಟಿತು" ಅನ್ನುವುದು ಬೇರೆ, "ತಡವಾಗಿ ಬಂದವರಲ್ಲಿ ಜಾಸ್ತಿ ಕಂಡಿತು" ಅನ್ನುವುದು ಬೇರೆ. ಜ್ವರ ತಾನಾಗೇ ಇಳಿದವರು ಐದನೇ ದಿನ ನಮ್ಮ ಹತ್ತಿರ ಬರುವುದೇ ಇಲ್ಲ. ಆ ದಿನ ಬರುವವರು ಹೆಚ್ಚಾಗಿ ಆಗಲೇ ಹದಗೆಟ್ಟವರು. ಹೊರಗಿನ ನರ್ಸಿಂಗ್ ಹೋಮಿನಿಂದ ಕಳಿಸಿದವರೂ ಅದರಲ್ಲಿ ಸೇರಿರುತ್ತಾರೆ. ಇದನ್ನು ಅರ್ಧ ವಾಕ್ಯದಲ್ಲಿ ಒಪ್ಪಿಕೊಂಡರೆ ನಿಮ್ಮ ಕೆಲಸದ ತೂಕ ಕಡಿಮೆಯಾಗುವುದಿಲ್ಲ. "ಇನ್ನೂ ದೊಡ್ಡ ಅಧ್ಯಯನ ಬೇಕು" ಅನ್ನುವ ಸಾಲು ಎಲ್ಲರೂ ಬರೆಯುತ್ತಾರೆ, ಬಿಟ್ಟುಬಿಡಿ.

ತಲೆಬರಹ ಕೊನೆಗೆ ಬರೆಯಿರಿ. ಯಾರಲ್ಲಿ, ಏನು, ಯಾವ ಬಗೆಯ ಅಧ್ಯಯನ ಅಂತ ತಿಳಿದರೆ ಆಯಿತು.

ಕೇಸ್ ರಿಪೋರ್ಟ್ ಕಳಿಸುವವರಿಗೆ

ಒಂದೇ ರೋಗಿಯ ಕಥೆ ಅಂತ ಕೀಳಾಗಿ ನೋಡಬೇಡಿ. 1952ರಲ್ಲಿ ಪರೇಲಿನಲ್ಲಿ ಕೆಲಸ ಮಾಡುತ್ತಿದ್ದ ವೈ. ಎಂ. ಭೆಂಡೆ ಮತ್ತು ಜೊತೆಗಾರರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಕೆಲವೇ ಜನರ ರಕ್ತದ ಬಗ್ಗೆ ಸಣ್ಣ ವರದಿ ಬರೆದರು. ಸಾಮಾನ್ಯ ಪರೀಕ್ಷೆಯಲ್ಲಿ ಓ ಗುಂಪಿನ ಹಾಗೆ ಕಂಡರೂ ಇವರಿಗೆ ಓ ರಕ್ತ ಕೊಡುವಂತಿಲ್ಲ, ಯಾಕಂದರೆ ಓ ರಕ್ತದಲ್ಲಿರುವ ಎಚ್ ಆಂಟಿಜನ್ ಎಂಬ ಅಂಶ ಇವರ ಕೆಂಪು ಕಣದಲ್ಲಿ ಇಲ್ಲ. ಇವತ್ತು ಜಗತ್ತೆಲ್ಲ ಅದನ್ನು ಬಾಂಬೆ ಬ್ಲಡ್ ಗ್ರೂಪ್ ಅಂತ ಕರೆಯುತ್ತದೆ. ನಿಮ್ಮ ಕೇಸ್ ಅಷ್ಟು ದೊಡ್ಡದಾಗಬೇಕಾಗಿಲ್ಲ. ಇದನ್ನು ಓದಿದ ಡಾಕ್ಟರು ನಾಳೆ ಓಪಿಡಿಯಲ್ಲಿ ಒಂದು ಕೆಲಸವನ್ನಾದರೂ ಬೇರೆ ರೀತಿ ಮಾಡುತ್ತಾರಾ? ಹೌದು ಅಂದರೆ ಕಳಿಸಿ. ಬರೀ ಅಪರೂಪ ಅಂತ ಕಳಿಸಬೇಡಿ.

ಫೋಟೋ ಇದ್ದರೆ ರೋಗಿಯ ಲಿಖಿತ ಒಪ್ಪಿಗೆ ಬೇಕೇ ಬೇಕು. ಕಣ್ಣಿಗೆ ಕಪ್ಪು ಪಟ್ಟಿ ಹಾಕಿದರೆ ಸಾಲದು, ಮನೆಯವರು ಗುರುತು ಹಿಡಿಯುತ್ತಾರೆ. ಸ್ಕ್ಯಾನ್ ಫಿಲ್ಮಿನ ಮೂಲೆಯಲ್ಲಿ ಇರುವ ಹೆಸರು, ನಂಬರ್ ಕತ್ತರಿಸಿ ತೆಗೆಯಿರಿ, ಮೇಲೆ ಬಣ್ಣ ಬಳಿಯಬೇಡಿ. ರೋಗಿ ಡಿಸ್ಚಾರ್ಜ್ ಆಗುವ ಮೊದಲೇ ಒಪ್ಪಿಗೆ ತೆಗೆದುಕೊಳ್ಳಿ. ಬಿಹಾರಕ್ಕೋ ಬೀದರಿಗೋ ವಾಪಸ್ ಹೋದ ಮೇಲೆ ಹುಡುಕುವುದು ಕಷ್ಟ.

ಯಾರ ಹೆಸರು, ಎಷ್ಟು ಹೆಸರು

ಈ ವಿಷಯದಲ್ಲಿ ಮಕ್ಕಳು ಬಹಳ ಸಂಕಟಪಡುತ್ತಾರೆ. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ನಾಲ್ಕು ಷರತ್ತು ಇಟ್ಟಿದೆ. ಅಧ್ಯಯನದ ಯೋಜನೆ ಅಥವಾ ಡೇಟಾದಲ್ಲಿ ನಿಜವಾದ ಪಾಲು, ಬರವಣಿಗೆ ಅಥವಾ ತಿದ್ದುವಿಕೆಯಲ್ಲಿ ಪಾಲು, ಕೊನೆಯ ರೂಪಕ್ಕೆ ಒಪ್ಪಿಗೆ, ಎಲ್ಲದಕ್ಕೂ ಹೊಣೆ ಹೊರುವುದು. ನಾಲ್ಕೂ ಬೇಕು. ವಿಭಾಗದ ಮುಖ್ಯಸ್ಥರು ಅನ್ನುವ ಒಂದೇ ಕಾರಣಕ್ಕೆ ಹೆಸರು ಸೇರಿಸುವುದು ಸರಿಯಲ್ಲ. ಹಾಗೇ, ರಾತ್ರಿ ಸ್ಯಾಂಪಲ್ ಹೊತ್ತು ಲ್ಯಾಬಿಗೆ ಓಡಿ, ಲೆಕ್ಕ ಹಾಕಿ, ಕರಡು ತಿದ್ದಿದ ಜೂನಿಯರ್ ಹೆಸರು ಬಿಡುವುದು ಅದಕ್ಕಿಂತ ದೊಡ್ಡ ತಪ್ಪು. ಇದನ್ನು ಸಬ್‌ಮಿಟ್ ಮಾಡುವ ರಾತ್ರಿ ಎತ್ತಬೇಡಿ. ಕೆಲಸ ಶುರುವಾದ ದಿನವೇ ಗೈಡ್ ಎದುರು ಕೂತು ಹೆಸರಿನ ಕ್ರಮ ಬರೆದುಕೊಳ್ಳಿ. ಕರಡು ಎಲ್ಲರಿಗೂ ಮೇಲ್ ಹೋಗಲಿ, ಎಲ್ಲರಿಂದ "ಒಪ್ಪಿಗೆ" ಅಂತ ಉತ್ತರ ಬರಲಿ.

ಇಂಗ್ಲಿಷ್ ತಿದ್ದಲು ಚಾಟ್‌ಜಿಪಿಟಿಯಂಥದ್ದನ್ನು ಬಳಸಿದ್ದರೆ ಅದನ್ನು ಹೇಳಬೇಕು, ಅದು ಲೇಖಕ ಆಗುವಂತಿಲ್ಲ. 2023ರಿಂದ ಅದೇ ಸಮಿತಿಯ ನಿಲುವು ಇದು. ರೋಗಿಗಳ ವಿವರವನ್ನು ಅದಕ್ಕೆ ಹಾಕಬೇಡಿ. ಅದು ಕೊಟ್ಟ ಪ್ರತಿ ಅಂಕಿಯನ್ನೂ ಮಾಸ್ಟರ್ ಚಾರ್ಟ್ ಜೊತೆ ತಾಳೆ ನೋಡಿ.

ಕಾನ್ಫರೆನ್ಸ್ ನಿಜವಾದದ್ದಾ?

"ಡಿಯರ್ ಎಮಿನೆಂಟ್ ಪ್ರೊಫೆಸರ್" ಅಂತ ಎರಡನೇ ವರ್ಷದ ರೆಸಿಡೆಂಟ್‌ಗೆ ಮೇಲ್ ಬಂದರೆ ಎಚ್ಚರ. ಹಣ ಕೀಳುವುದಕ್ಕೇ ನಡೆಸುವ ಕಾನ್ಫರೆನ್ಸ್‌ಗಳು ಇವೆ. ಹೈದರಾಬಾದ್ ಮೂಲದ ಓಮಿಕ್ಸ್ ಗುಂಪಿನ ಮೇಲೆ ಇಂಥ ವಿಷಯದಲ್ಲೇ ಅಮೆರಿಕದ ನ್ಯಾಯಾಲಯ 2019ರಲ್ಲಿ 5 ಕೋಟಿ ಡಾಲರ್‌ಗೂ ಹೆಚ್ಚು ಕಟ್ಟಲು ಆದೇಶ ಮಾಡಿತು. ಭಾಷಣಕಾರರಾಗಿ ಬರಲು ಒಪ್ಪದವರ ಹೆಸರನ್ನೂ ಪ್ರಚಾರಕ್ಕೆ ಬಳಸಿದ್ದು ಆರೋಪಗಳಲ್ಲಿ ಒಂದು.

ನೋಡಬೇಕಾದದ್ದು ಕಷ್ಟವಿಲ್ಲ. ನಡೆಸುವವರು ನಿಮ್ಮ ವಿಷಯದ ಸಂಘವಾ? ಮಹಾರಾಷ್ಟ್ರ ಮೆಡಿಕಲ್ ಕೌನ್ಸಿಲ್ ಅಥವಾ ಗೋವಾ ಮೆಡಿಕಲ್ ಕೌನ್ಸಿಲ್ ಕ್ರೆಡಿಟ್ ಪಾಯಿಂಟ್ ಕೊಟ್ಟಿದೆಯಾ? ಕಳೆದ ವರ್ಷ ಹೋಗಿ ಬಂದ ಸೀನಿಯರ್ ಇದ್ದಾರಾ? ಎರಡೇ ದಿನದಲ್ಲಿ "ಆಯ್ಕೆಯಾಗಿದೆ, ಹಣ ಕಟ್ಟಿ" ಅಂತ ಉತ್ತರ ಬಂದರೆ ಅದನ್ನು ಯಾರೂ ಓದಿಲ್ಲ ಅಂತಲೇ ಅರ್ಥ. ಮೊದಲ ಸಲಕ್ಕೆ ರಾಜ್ಯ ಮಟ್ಟದ ಕಾನ್ಫರೆನ್ಸ್ ಒಳ್ಳೆಯದು. ಪುಣೆಗೆ ಬೆಳಿಗ್ಗೆ ಇಂಟರ್‌ಸಿಟಿ ಹತ್ತಿ ಹೋಗಿ ರಾತ್ರಿ ವಾಪಸ್ ಬಂದರೆ ಒಂದೇ ದಿನದ ರಜೆ ಸಾಕು, ಖರ್ಚೂ ಕಡಿಮೆ.

ಪೋರ್ಟಲ್ ಮುಂದೆ ಕೂತಾಗ

ವರ್ಡ್ ಫೈಲಿನಲ್ಲಿ ಮೊದಲು ಪೂರ್ತಿ ತಯಾರು ಮಾಡಿ, ಆಮೇಲೆ ಅಂಟಿಸಿ. ಅಂಟಿಸಿದ ಮೇಲೆ ಪ್ರಿವ್ಯೂ ನೋಡಲೇಬೇಕು. "ಕಡಿಮೆ" ಮತ್ತು "ಹೆಚ್ಚು" ತೋರಿಸುವ ಚಿಹ್ನೆಗಳು, ಮೈಕ್ರೋ ಚಿಹ್ನೆ, ಪ್ಲಸ್ ಮೈನಸ್ ಮಾಯವಾಗುವುದು ಇಲ್ಲೇ. ಹೆಸರು ಮುಚ್ಚಿ ಪರಿಶೀಲನೆ ಮಾಡುವ ಕಡೆ ಆಸ್ಪತ್ರೆಯ ಹೆಸರು, ಊರಿನ ಹೆಸರು ಅಬ್‌ಸ್ಟ್ರಾಕ್ಟ್ ಒಳಗೆ ಬರಬಾರದು. "ಪಶ್ಚಿಮ ಭಾರತದ ದೊಡ್ಡ ಸರ್ಕಾರಿ ಆಸ್ಪತ್ರೆ" ಅಂದರೆ ಸಾಕು. ಪೇಪರ್ ಬೇಕಾ, ಪೋಸ್ಟರ್ ಬೇಕಾ ಅಂತ ಕೇಳಿದಾಗ "ಎರಡರಲ್ಲಿ ಯಾವುದಾದರೂ" ಅನ್ನುವ ಆಯ್ಕೆ ಇದ್ದರೆ ಅದನ್ನು ಒತ್ತಿ.

ಎಚ್‌ಓಡಿ ಸಹಿ ಇರುವ ಬೋನಫೈಡ್ ಪತ್ರ, ಎಥಿಕ್ಸ್ ಪತ್ರ, ಸಂಘದ ಸದಸ್ಯತ್ವ ನಂಬರ್ ಇವನ್ನು ಮೊದಲೇ ಸ್ಕ್ಯಾನ್ ಮಾಡಿ ಒಂದೇ ಫೋಲ್ಡರಿನಲ್ಲಿ ಇಡಿ. ಕಾಲೇಜು ಮೇಲ್ ಬದಲು ನಿಮ್ಮ ಸ್ವಂತ ಮೇಲ್ ಕೊಡಿ, ಕೋರ್ಸ್ ಮುಗಿದ ಮೇಲೂ ಉತ್ತರ ಸಿಗಬೇಕಲ್ವಾ? ಸಬ್‌ಮಿಟ್ ಆದ ಮೇಲೆ ಬರುವ ನಂಬರಿನ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಮೇಲ್ ಬರದಿದ್ದರೆ ಸ್ಪ್ಯಾಮ್ ನೋಡಿ, ಅಲ್ಲೂ ಇಲ್ಲದಿದ್ದರೆ ಮರುದಿನವೇ ಫೋನ್ ಮಾಡಿ.

ಉತ್ತರ ಬಂದ ಮೇಲೆ

ಆಯ್ಕೆಯಾದರೆ ಮೊದಲು ನೋಡಬೇಕಾದ್ದು ರಿಜಿಸ್ಟ್ರೇಷನ್‌ನ ಕೊನೆ ದಿನ. ಓದುವವರು ಹಣ ಕಟ್ಟಿರದಿದ್ದರೆ ಹೆಸರು ತೆಗೆದುಹಾಕುವ ಕಾನ್ಫರೆನ್ಸ್‌ಗಳು ಇವೆ. ಡ್ಯೂಟಿ ಬದಲಾವಣೆ ಅದೇ ದಿನ ಕೇಳಿಕೊಳ್ಳಿ. ಹೋಗಲು ಆಗದೇ ಹೋದರೆ ಸುಮ್ಮನಿರಬೇಡಿ, ಬರೆದು ತಿಳಿಸಿ. ನಿಮಗೆ ಮಾತಾಡಲು ಕೊಟ್ಟ ಆರು ನಿಮಿಷ ಇನ್ನೊಬ್ಬರಿಗೆ ಸಿಗುತ್ತದೆ.

ಆಯ್ಕೆಯಾಗದಿದ್ದರೆ ಎರಡು ದಿನ ಬಿಟ್ಟು ಮತ್ತೆ ಓದಿ. ಫಲಿತಾಂಶದ ಭಾಗವನ್ನು ವಾರ್ಡಿನ ಸಿಸ್ಟರ್‌ಗೋ ಬೇರೆ ವಿಭಾಗದ ಸ್ನೇಹಿತರಿಗೋ ಓದಿ ಹೇಳಿ. ಎಲ್ಲಿ ತಡೆದು ಪ್ರಶ್ನೆ ಕೇಳುತ್ತಾರೋ ಅಲ್ಲೇ ತಿದ್ದಬೇಕು. ಆಮೇಲೆ ಇನ್ನೊಂದು ಕಡೆ ಕಳಿಸಿ. ಒಂದೇ ಅಬ್‌ಸ್ಟ್ರಾಕ್ಟ್ ಎರಡು ಕಡೆ ಒಟ್ಟಿಗೆ ಕಳಿಸುವುದನ್ನು ಬಹಳ ಕಾನ್ಫರೆನ್ಸ್‌ಗಳು ಒಪ್ಪುವುದಿಲ್ಲ.

ಓದಿ ಬಂದ ಮೇಲೆ ಸರ್ಟಿಫಿಕೇಟ್ ಫೈಲಿಗೆ ಸೇರಿಸಿ ಮರೆತುಬಿಡುವವರೇ ಜಾಸ್ತಿ. 3 ಲಕ್ಷಕ್ಕೂ ಹೆಚ್ಚು ಅಬ್‌ಸ್ಟ್ರಾಕ್ಟುಗಳನ್ನು ಒಟ್ಟು ಮಾಡಿ ನೋಡಿದ 2018ರ ಕೋಕ್ರೇನ್ ವಿಮರ್ಶೆಯ ಪ್ರಕಾರ ಪೂರ್ತಿ ಲೇಖನವಾಗಿ ಪ್ರಕಟವಾದದ್ದು ಶೇ. 37 ಮಾತ್ರ. ಉಳಿದವು ಅಲ್ಲೇ ನಿಂತವು. ಕಾನ್ಫರೆನ್ಸ್‌ನಲ್ಲಿ ಓದಿದ್ದು ಪತ್ರಿಕೆಗೆ ಕಳಿಸಲು ಅಡ್ಡಿಯಾಗುವುದಿಲ್ಲ, ಮೊದಲು ಎಲ್ಲಿ ಓದಿದೆವು ಅಂತ ತಿಳಿಸಿದರೆ ಆಯಿತು. ಸಭೆಯಲ್ಲಿ ಕೇಳಿದ ಪ್ರಶ್ನೆಗಳನ್ನು ಅಲ್ಲೇ ಮೊಬೈಲ್‌ನಲ್ಲಿ ಬರೆದುಕೊಂಡಿರುತ್ತೀರಿ. ಪುಣೆಯಿಂದ ವಾಪಸ್ ಬರುವ ರೈಲಿನಲ್ಲೇ ಅವುಗಳ ಉತ್ತರ ಬರೆಯಲು ಶುರು ಮಾಡಿ. ಕರ್ಜತ್ ದಾಟುವಷ್ಟರಲ್ಲಿ ನಿಮ್ಮ ಲೇಖನದ ಚರ್ಚೆಯ ಭಾಗ ಅರ್ಧ ಆಗಿರುತ್ತದೆ.